ಸಮಯ ಬ್ಯಾಂಕ್ ಡೋರ್: ಠೇವಣಿ ಇಟ್ಟರೂ ನಿಮಿಷ ಕಡಿಮೆಯಾಗುವುದಿಲ್ಲ, ಹಿಂಪಡೆದರೂ ಹೆಚ್ಚುವುದಿಲ್ಲ

ಒಂಟಿಲೈನು:

ಡಾಸ್ ಮೇಲೆ ಓಡುವ ರಿಮೋಟ್‌ಆಕ್ಸೆಸ್ ತಂತ್ರಾಂಶದ ಬಿಬಿಎಸ್ (ಮೋಡೆಂನಿಂದ ಕರೆ ಮಾಡಿ ಸಂದೇಶ ಓದುವ, ಕಡತ ಇಳಿಸಿಕೊಳ್ಳುವ ವ್ಯವಸ್ಥೆ) ಒಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದೇನೆ. 486 ಯಂತ್ರ, ನಿಜವಾದ ಮೋಡೆಂ, ನಿಜವಾದ ಫೋನ್ ಲೈನು. ಲೈನು ಒಂದೇ. ಕರೆ ಮಾಡುವವರು ಸುಮಾರು 30 ಜನ, ಒಬ್ಬೊಬ್ಬರಿಗೆ ದಿನಕ್ಕೆ 45 ನಿಮಿಷ. ಹತ್ತು ನಿಮಿಷದಲ್ಲಿ ಸಂದೇಶ ಓದಿ ಹೋಗುವವರು ಉಳಿದ ಸಮಯವನ್ನು ಬೇರೊಂದು ದಿನಕ್ಕೆ ಎತ್ತಿಡಲಿ ಎಂದು ಹಳೆಯ ಸಂಗ್ರಹವೊಂದರಲ್ಲಿ ಸಿಕ್ಕ ಸಮಯ ಬ್ಯಾಂಕ್ ಡೋರ್ (ಬಿಬಿಎಸ್ ಒಳಗಿನಿಂದ ತೆರೆಯುವ ಪ್ರತ್ಯೇಕ ಪ್ರೋಗ್ರಾಂ) ಹಾಕಿದೆ.

ಡೋರ್ ತೆರೆಯುತ್ತದೆ, ಕರೆದಾರರ ಹೆಸರು ಸರಿಯಾಗಿ ತೋರಿಸುತ್ತದೆ, ಉಳಿದ ನಿಮಿಷವನ್ನೂ ಸರಿಯಾಗಿ ಓದುತ್ತದೆ. 20 ನಿಮಿಷ ಠೇವಣಿ ಇಟ್ಟರೆ ಖಾತೆಯಲ್ಲಿ 20 ಕಾಣಿಸುತ್ತದೆ. ಆದರೆ ಹೊರಬಂದು ಮುಖ್ಯ ಮೆನು ನೋಡಿದರೆ ಆ 20 ನಿಮಿಷ ಕಡಿಮೆಯೇ ಆಗಿಲ್ಲ. ಹಿಂಪಡೆದಾಗಲೂ ಇದೇ ಕಥೆ. ಖಾತೆಯಿಂದ ನಿಮಿಷ ಹೋಗುತ್ತದೆ, ಕರೆಗೆ ಸೇರುವುದಿಲ್ಲ. ಡೋರ್‌ನ ಒಳಗಿನ ಲೆಕ್ಕವೆಲ್ಲ ಸರಿ, ಹೊರಗೆ ಮಾತ್ರ ಏನೂ ನಡೆದಿಲ್ಲ ಎಂಬಂತಿದೆ.

ಎರಡು ಪ್ರಶ್ನೆಗಳಿವೆ. ಇದು ಏಕೆ ಹೀಗೆ? ಸರಿಯಾದ ಮೇಲೆ ಠೇವಣಿ, ಹಿಂಪಡೆಯುವಿಕೆ ಮತ್ತು ಒಟ್ಟು ಶಿಲ್ಕಿಗೆ ಎಷ್ಟು ಮಿತಿ ಇಡುವುದು ಒಳ್ಳೆಯದು? ಸಂರಚನಾ ಕಡತದಲ್ಲಿ ಈ ಮೂರೂ ಈಗ ಸೊನ್ನೆಯಾಗಿವೆ. ಸೊನ್ನೆ ಎಂದರೆ ಮಿತಿಯಿಲ್ಲ ಎಂದು ಕೈಪಿಡಿ ಹೇಳುತ್ತದೆ.

ನಾಲ್ಕನೇ ಇಂಟರಪ್ಟ್:

ನಿಮ್ಮ ವಿವರಣೆಯಲ್ಲೇ ಉತ್ತರವಿದೆ. ಡೋರ್ ಓದುತ್ತಿದೆ, ಆದರೆ ಅದು ಬರೆದದ್ದನ್ನು ಬಿಬಿಎಸ್ ಓದುತ್ತಿಲ್ಲ. ನೀವು ಡೋರ್‌ಇನ್ಫೋ1.ಡೆಫ್ ಬಳಸುತ್ತಿದ್ದೀರಿ ಎಂದು ಊಹಿಸುತ್ತೇನೆ.

ಬಿಬಿಎಸ್ ಒಂದು ಡೋರ್ ತೆರೆಯುವ ಮೊದಲು ಕರೆದಾರರ ವಿವರವನ್ನು ಸಣ್ಣ ಕಡತವೊಂದರಲ್ಲಿ ಬರೆದಿಡುತ್ತದೆ. ಅದೇ ಡ್ರಾಪ್ ಫೈಲ್. ಡೋರ್‌ಇನ್ಫೋ1.ಡೆಫ್ ಸರಳ ಪಠ್ಯ ಕಡತ: ನಾಲ್ಕನೇ ಸಾಲಿನಲ್ಲಿ ಪೋರ್ಟ್, ಏಳು ಮತ್ತು ಎಂಟರಲ್ಲಿ ಕರೆದಾರರ ಹೆಸರು, ಹನ್ನೆರಡರಲ್ಲಿ ಉಳಿದ ನಿಮಿಷ. ಆಟಗಳಿಗೆ ಇಷ್ಟು ಸಾಕು, ಏಕೆಂದರೆ ಆಟಕ್ಕೆ ಸಮಯವನ್ನು ತಿಳಿದರೆ ಸಾಕು, ತಿದ್ದಬೇಕಾಗಿಲ್ಲ. ಸಮಯ ಬ್ಯಾಂಕಿನ ಕೆಲಸವೇ ಸಮಯವನ್ನು ತಿದ್ದುವುದು. ರಿಮೋಟ್‌ಆಕ್ಸೆಸ್ ಡೋರ್‌ನಿಂದ ಮರಳಿದಾಗ ಡೋರ್‌ಇನ್ಫೋ1.ಡೆಫ್ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಮರಳಿ ಓದುವುದು ಎಕ್ಸಿಟ್‌ಇನ್ಫೋ.ಬಿಬಿಎಸ್ ಎಂಬ ದ್ವಿಮಾನ ಕಡತವನ್ನು. ಆದ್ದರಿಂದ ಡೋರ್ ಸಂರಚನೆಯಲ್ಲಿ ಡ್ರಾಪ್ ಫೈಲ್ ಬಗೆಯನ್ನು ಎಕ್ಸಿಟ್‌ಇನ್ಫೋ ಎಂದು ಬದಲಾಯಿಸಿ.

ನನ್ನ ಮಾತನ್ನು ನಂಬುವ ಬದಲು ನೀವೇ ನೋಡಿಬಿಡಿ. ಬ್ಯಾಚ್ ಫೈಲಿನಲ್ಲಿ ಡೋರ್ ಕರೆಯುವ ಸಾಲಿನ ಮುಂಚೆ ಎಕ್ಸಿಟ್‌ಇನ್ಫೋ.ಬಿಬಿಎಸ್‌ನ ಒಂದು ಪ್ರತಿ ತೆಗೆಯಿರಿ, ನಂತರ ಇನ್ನೊಂದು. ಎರಡನ್ನೂ ಡಾಸ್‌ನ ಎಫ್‌ಸಿ ಆದೇಶದಿಂದ, ದ್ವಿಮಾನ ಹೋಲಿಕೆಯ ಆಯ್ಕೆ ಹಾಕಿ, ಹೋಲಿಸಿ. ಒಂದು ಬೈಟ್ ಕೂಡ ಬದಲಾಗಿಲ್ಲ ಎಂದಾದರೆ ನಿಮ್ಮ ಡೋರ್ ಅದನ್ನು ಮುಟ್ಟುತ್ತಲೇ ಇಲ್ಲ.

ಅಂದ ಹಾಗೆ, ಸರಿಪಡಿಸುವವರೆಗೂ ಡೋರ್ ಅನ್ನು ಮೆನುವಿನಿಂದ ತೆಗೆದುಬಿಡಿ. ಈಗಿನ ಸ್ಥಿತಿಯಲ್ಲಿ ಠೇವಣಿ ಇಡುವವರಿಗೆ ಏನೂ ಖರ್ಚಿಲ್ಲ. ದಿನವೂ 45 ನಿಮಿಷ ಇಟ್ಟು, ಅದೇ 45 ನಿಮಿಷ ಬಳಸಿಯೂ ಹೋಗಬಹುದು. ಆ ಸುಳ್ಳು ಶಿಲ್ಕನ್ನು ಆಮೇಲೆ ಅಳಿಸಲು ಹೊರಟರೆ ಮನಸ್ತಾಪವಾಗುತ್ತದೆ.

ಹೊಸ ಕರೆದಾರ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಬಿಬಿಎಸ್‌ಗಳ ಬಗ್ಗೆ ಇತ್ತೀಚೆಗೆ ಕಲಿಯುತ್ತಿದ್ದೇನೆ. ದಿನಕ್ಕೆ 45 ನಿಮಿಷ ಎಂಬ ಮಿತಿಯೇ ಇರುವಾಗ ಅದನ್ನು ಕೂಡಿಡುವ ಅಗತ್ಯ ಯಾರಿಗೆ ಬೀಳುತ್ತಿತ್ತು? ಮಿತಿಯನ್ನೇ 90 ಮಾಡಿದ್ದರೆ ಆಗುತ್ತಿರಲಿಲ್ಲವೇ?

ಹಳೆಯ ಸಿಸಾಪ್:

ಒಳ್ಳೆಯ ಪ್ರಶ್ನೆ, ಕ್ಷಮೆ ಬೇಡ. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ 1978ರ ಫೆಬ್ರುವರಿ 16ರಂದು ಷಿಕಾಗೊದಲ್ಲಿ ಮೊದಲ ಬಿಬಿಎಸ್ ತೆರೆದಾಗಲೇ ಈ ವ್ಯವಸ್ಥೆಯ ಸ್ವಭಾವ ನಿಶ್ಚಯವಾಗಿತ್ತು: ಒಂದು ಲೈನು, ಒಂದು ಸಲಕ್ಕೆ ಒಬ್ಬರೇ. ಒಬ್ಬರು ಒಳಗಿದ್ದರೆ ಉಳಿದವರೆಲ್ಲರಿಗೂ ಎಂಗೇಜ್ ಸದ್ದು. ಮಿತಿಯನ್ನು 90 ಮಾಡಿದರೆ ಎಲ್ಲರಿಗೂ ಎಲ್ಲ ದಿನವೂ 90 ಆಗುತ್ತದೆ, ಲೈನು ಮಾತ್ರ ಇದ್ದಷ್ಟೇ ಇರುತ್ತದೆ.

ಯಾರಿಗೆ ಬೇಕಿತ್ತು ಎಂದರೆ ಕಡತ ಇಳಿಸಿಕೊಳ್ಳುವವರಿಗೆ. 2400 ಬಿಪಿಎಸ್ ಮೋಡೆಂನಲ್ಲಿ ಝಡ್‌ಮೋಡೆಂ ಎಂಬ ಕಡತ ವರ್ಗಾವಣೆಯ ಪ್ರೊಟೊಕಾಲ್ ಬಳಸಿದರೂ ಸೆಕೆಂಡಿಗೆ ಸುಮಾರು 230 ಬೈಟ್ ಬರುತ್ತದೆ. 1 ಮೆಗಾಬೈಟ್ ಅಂದರೆ 10,48,576 ಬೈಟ್, ಅದಕ್ಕೆ ಸುಮಾರು 76 ನಿಮಿಷ. 45 ನಿಮಿಷದ ದಿನದಲ್ಲಿ ಅದು ಹಿಡಿಸುವುದಿಲ್ಲ. ಝಡ್‌ಮೋಡೆಂನಲ್ಲಿ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇತ್ತು, ನಿಜ. ಆದರೆ ಎಕ್ಸ್‌ಮೋಡೆಂ ಬಳಸುವವರು ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಿತ್ತು. 14,400ರ ಮೋಡೆಂ ಬಂದ ಮೇಲೆ ಅದೇ ಕಡತ 11 ನಿಮಿಷಕ್ಕೆ ಇಳಿಯಿತು. ಆದರೆ ಕಡತಗಳೂ ದೊಡ್ಡದಾದವು.

ಎರಡು ದಿನ ಬೇಗ ಹೋಗಿ ಮೂರನೆಯ ದಿನ ಹೆಚ್ಚು ಹೊತ್ತು ಇರಲು ಬಿಡುವುದು ನ್ಯಾಯವಾದ ಏರ್ಪಾಡು. ಅದಕ್ಕೇ ಬ್ಯಾಂಕ್.

ಒಂಟಿಲೈನು:

ನಾಲ್ಕನೇ ಇಂಟರಪ್ಟ್ ಅವರೇ, ಊಹೆ ಸರಿ. ಡೋರ್‌ಇನ್ಫೋ ಎಂದೇ ಇತ್ತು. ಹೋಲಿಸಿದಾಗ ಎರಡೂ ಪ್ರತಿಗಳಲ್ಲಿ ಒಂದು ಬೈಟ್ ವ್ಯತ್ಯಾಸ ಇರಲಿಲ್ಲ.

ಎಕ್ಸಿಟ್‌ಇನ್ಫೋಗೆ ಬದಲಾಯಿಸಿದೆ. ಈಗ ಬೇರೆಯದೇ ತೊಂದರೆ. ಡೋರ್ ಒಳಗೆ ಹೋದ ಕೂಡಲೇ ಉಳಿದ ಸಮಯ 8,000ಕ್ಕೂ ಹೆಚ್ಚು ನಿಮಿಷ ಎಂದು ತೋರಿಸಿತು. ಐದು ನಿಮಿಷ ಠೇವಣಿ ಇಟ್ಟು ಹೊರಬಂದೆ. ನನ್ನ ಪರೀಕ್ಷಾ ಖಾತೆಯ ಊರಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕುಳಿತಿವೆ. ನೋಡಿ ಕೈಕಾಲು ತಣ್ಣಗಾದವು.

ನಾಲ್ಕನೇ ಇಂಟರಪ್ಟ್:

ಮೊದಲು ಬಳಕೆದಾರರ ಕಡತವನ್ನು ಬ್ಯಾಕಪ್‌ನಿಂದ ಮರಳಿ ಹಾಕಿ. ಬ್ಯಾಕಪ್ ಇದೆ ಎಂದು ಆಶಿಸುತ್ತೇನೆ.

ತಪ್ಪು ನನ್ನದು, ಇದನ್ನು ಮೊದಲೇ ಹೇಳಬೇಕಿತ್ತು. ಎಕ್ಸಿಟ್‌ಇನ್ಫೋ.ಬಿಬಿಎಸ್ ಎಂಬ ಹೆಸರು ಒಂದೇ, ಒಳಗಿನ ಜೋಡಣೆ ಒಂದೇ ಅಲ್ಲ. ಕ್ವಿಕ್‌ಬಿಬಿಎಸ್‌ನದು ಒಂದು ಬಗೆ, ರಿಮೋಟ್‌ಆಕ್ಸೆಸ್‌ನ 1ರ ಸರಣಿಯದು ಇನ್ನೊಂದು, 2ರ ಸರಣಿಯದು ಮತ್ತೊಂದು. ಪಠ್ಯ ಕಡತದಲ್ಲಿ ಸಾಲು ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ದ್ವಿಮಾನ ಕಡತದಲ್ಲಿ ಡೋರ್ ತನಗೆ ಗೊತ್ತಿರುವ ಸ್ಥಾನಕ್ಕೆ ಹೋಗಿ, ಅಲ್ಲಿರುವ ಎರಡು ಬೈಟ್‌ಗಳನ್ನು ನಿಮಿಷವೆಂದು ನಂಬುತ್ತದೆ. ನಿಮ್ಮ ವಿಷಯದಲ್ಲಿ ಆ ಎರಡು ಬೈಟ್‌ಗಳು ಯಾವುದೋ ಹೆಸರಿನ ಅಕ್ಷರಗಳು. ಅವನ್ನು ಸಂಖ್ಯೆ ಎಂದು ಓದಿತು, ಅದರಿಂದ ಐದು ಕಳೆಯಿತು, ಅಲ್ಲೇ ಬರೆಯಿತು.

ಡೋರ್ ಸಂರಚನೆಯಲ್ಲಿ ಬಿಬಿಎಸ್ ಆವೃತ್ತಿ ಕೇಳುವ ಇನ್ನೊಂದು ಸಾಲು ಇರಲೇಬೇಕು. ನಿಮ್ಮ ರಿಮೋಟ್‌ಆಕ್ಸೆಸ್ ಯಾವ ಸರಣಿಯದು?

ಒಂಟಿಲೈನು:

2ರ ಸರಣಿ. ಡೋರ್‌ನಲ್ಲಿ ಆ ಸಾಲು ಇತ್ತು, 1 ಎಂದು ಇತ್ತು. ಬದಲಾಯಿಸಿದೆ. ಬ್ಯಾಕಪ್ ಇತ್ತು, ಮರಳಿ ಹಾಕಿದೆ.

ಈಗ 45ರಲ್ಲಿ 20 ಠೇವಣಿ ಇಟ್ಟರೆ ಹೊರಗೆ 25 ಉಳಿಯುತ್ತದೆ (ಕಳೆದ ಒಂದೆರಡು ನಿಮಿಷ ಬಿಟ್ಟು). 10 ಹಿಂಪಡೆದರೆ 35. ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ಇನ್ನು ಮಿತಿಗಳ ವಿಷಯ ಉಳಿಯಿತು.

ಹಳೆಯ ಸಿಸಾಪ್:

ಮಿತಿಗಳ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಡ್ರಾಪ್ ಫೈಲ್ ತಪ್ಪಿದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ, ಮಿತಿ ತಪ್ಪಿದರೆ ಗೊತ್ತಾಗಲು ತಿಂಗಳು ಬೇಕು. ಅಷ್ಟರಲ್ಲಿ ಬೇಸತ್ತವರು ಕರೆ ಮಾಡುವುದನ್ನೇ ಬಿಟ್ಟಿರುತ್ತಾರೆ.

ಸಮಯ ಬ್ಯಾಂಕ್ ಸಮಯವನ್ನು ಸೃಷ್ಟಿಸುವುದಿಲ್ಲ. ಇಂದು ಯಾರೋ ಬಳಸದೆ ಬಿಟ್ಟ ನಿಮಿಷ ಇಂದೇ ಹೋಯಿತು, ಲೈನು ಖಾಲಿ ಬಿದ್ದಿತ್ತು, ಅಷ್ಟೇ. ನೀವು ಖಾತೆಯಲ್ಲಿ ಬರೆದುಕೊಳ್ಳುವುದು ನಾಳೆಯ ಲೈನಿನ ಮೇಲಿನ ಸಾಲ. ಆ ಸಾಲವನ್ನು ತೀರಿಸಬೇಕಾದವರು ನೀವಲ್ಲ, ನಾಳೆ ಕರೆ ಮಾಡಿ ಎಂಗೇಜ್ ಸದ್ದು ಕೇಳುವ ಇನ್ನೊಬ್ಬ ಕರೆದಾರ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎನ್ನುವುದಾದರೆ ಮೊದಲು ಹಾಸಿಗೆಯ ಅಳತೆ ತೆಗೆಯೋಣ.

ಒಂದು ಲೈನಿಗೆ ದಿನಕ್ಕೆ 1,440 ನಿಮಿಷ. ನಿಮ್ಮ 30 ಜನ ತಲಾ 45 ನಿಮಿಷ ಬಳಸಿದರೆ 1,350. ಬ್ಯಾಂಕ್ ಇಲ್ಲದೆಯೇ ಲೈನು ಹೆಚ್ಚುಕಡಿಮೆ ತುಂಬಿತು. ಎಲ್ಲರೂ ದಿನವೂ ಕರೆ ಮಾಡುವುದಿಲ್ಲ, ಅದರಿಂದ ನಡೆಯುತ್ತಿದೆ. ಈಗ ಮಿತಿಯಿಲ್ಲದ ಬ್ಯಾಂಕ್‌ನಲ್ಲಿ ಒಬ್ಬೊಬ್ಬರು 300 ನಿಮಿಷ ಕೂಡಿಟ್ಟರು ಎನ್ನೋಣ. ಒಟ್ಟು 9,000 ನಿಮಿಷ. ಅಂದರೆ ಹಗಲು ರಾತ್ರಿ ಬಿಡದೆ ಆರು ದಿನಕ್ಕೂ ಹೆಚ್ಚಿನ ಲೈನು ನೀವು ಬರೆದುಕೊಟ್ಟಂತಾಯಿತು.

ಅದಕ್ಕಿಂತ ಕಷ್ಟ ಸಂಜೆಯದು. ಎಲ್ಲರೂ ಕರೆ ಮಾಡುವ ಹೊತ್ತು ಆರರಿಂದ ಹನ್ನೊಂದು, ಅಂದರೆ 300 ನಿಮಿಷ. 45ರ ಲೆಕ್ಕದಲ್ಲಿ ಆರು ಜನರಿಗೆ ಜಾಗ. ಒಬ್ಬರು 120 ನಿಮಿಷ ಹಿಂಪಡೆದು 165 ನಿಮಿಷ ಕುಳಿತರೆ ಉಳಿಯುವುದು 135, ಮೂರು ಜನರಿಗೆ. ಒಬ್ಬರ ಉಳಿತಾಯ ಇಬ್ಬರನ್ನು ಹೊರಗಿಟ್ಟಿತು.

ಆದ್ದರಿಂದ ಸಂರಚನೆಯಲ್ಲಿ ಮೊದಲು ತುಂಬಬೇಕಾದ ಸಾಲು ಠೇವಣಿ ಮಿತಿಯಲ್ಲ, ದಿನಕ್ಕೆ ಹಿಂಪಡೆಯುವ ಮಿತಿ. ಬಹಳಷ್ಟು ಸಿಸಾಪ್‌ಗಳು, ಅಂದರೆ ಬಿಬಿಎಸ್ ನಡೆಸುವವರು, ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಠೇವಣಿಗೆ ಬಿಗಿ ಹಾಕಿ ಹಿಂಪಡೆಯುವುದನ್ನು ಬಿಟ್ಟುಬಿಡುತ್ತಾರೆ. ಠೇವಣಿಯಿಂದ ಯಾರಿಗೂ ತೊಂದರೆಯಿಲ್ಲ, ಲೈನು ಬೇಗ ಬಿಡುವಾಗುತ್ತದೆ. ತೊಂದರೆ ಇರುವುದು ಹೊರಬರುವ ಬಾಗಿಲಿನಲ್ಲಿ.

ನನ್ನ ಸಲಹೆ: ದಿನಕ್ಕೆ ಹಿಂಪಡೆಯುವುದು 30, ಒಟ್ಟು ಶಿಲ್ಕು 150, ದಿನಕ್ಕೆ ಠೇವಣಿ 20. ಬಡ್ಡಿ ಕೊಡುವ ಆಯ್ಕೆ ಇದ್ದರೆ ಸೊನ್ನೆ. ಸಾಲ ಕೊಡುವ ಆಯ್ಕೆ ಇದ್ದರೆ ಮುಚ್ಚಿಬಿಡಿ. ಬಳಸದ ನಿಮಿಷಕ್ಕೆ ಬಡ್ಡಿ ಎಂದರೆ ಇಲ್ಲದ ಲೈನನ್ನು ಹಂಚಿದಂತೆ.

ಸಂಜೆ ಕರೆ:

ಹಳೆಯ ಸಿಸಾಪ್ ಅವರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಎಂದೂ ಸಿಸಾಪ್ ಆಗಿದ್ದವಳಲ್ಲ, ವರ್ಷಗಟ್ಟಲೆ ಕರೆ ಮಾಡಿದವಳು. ಆ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕು.

ಬ್ಯಾಂಕ್ ಎಂದು ಹೆಸರಿಟ್ಟ ಮೇಲೆ ಅದರಲ್ಲಿ ಇಟ್ಟದ್ದು ನನ್ನದು ಎಂಬ ಭಾವನೆ ಬರುತ್ತದೆ. ನಾನು ಕರೆ ಮಾಡುತ್ತಿದ್ದ ಒಂದು ಬಿಬಿಎಸ್‌ನಲ್ಲಿ ಹೀಗೆ ನಾಲ್ಕು ಗಂಟೆ ಕೂಡಿಟ್ಟಿದ್ದೆ. ಒಂದು ದಿನ ಸಿಸಾಪ್ ಗರಿಷ್ಠ ಶಿಲ್ಕನ್ನು 60ಕ್ಕೆ ಇಳಿಸಿದರು. ಮುಂದಿನ ಸಲ ಡೋರ್ ತೆರೆದಾಗ ನನ್ನ ಖಾತೆ 60 ಆಗಿತ್ತು. ಮೊದಲೇ ಯಾರೂ ಹೇಳಿರಲಿಲ್ಲ. ಹೋದ ನಿಮಿಷಗಳಿಗಿಂತ ಹೇಳದೆ ತೆಗೆದರಲ್ಲ ಎಂಬುದು ಹೆಚ್ಚು ನೋವು ಕೊಟ್ಟಿತು. ಆ ಬಿಬಿಎಸ್‌ಗೆ ಮತ್ತೆ ಹೆಚ್ಚು ದಿನ ನಾನು ಕರೆ ಮಾಡಲಿಲ್ಲ.

ಇನ್ನೊಂದು ಮಾತು. ದಿನಕ್ಕೆ 30 ಹಿಂಪಡೆದರೆ 45 ಸೇರಿ 75 ನಿಮಿಷ. ನೀವೇ ಮೇಲೆ ಹೇಳಿದ 1 ಮೆಗಾಬೈಟ್ ಕಡತಕ್ಕೆ 76 ಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಮಿತಿಯನ್ನು ದುಂಡಗಿನ ಸಂಖ್ಯೆಯಿಂದ ಆರಿಸಬೇಡಿ, ಜನ ಅದರಿಂದ ಏನು ಮಾಡಬಯಸುತ್ತಾರೆ ಎಂಬುದರಿಂದ ಆರಿಸಿ.

ಹಳೆಯ ಸಿಸಾಪ್:

ಎರಡೂ ಮಾತು ಒಪ್ಪಿದೆ. 76ರ ವಿಷಯದಲ್ಲಿ ನಾನೇ ಬರೆದ ಅಂಕಿಯನ್ನು ನಾನೇ ಮರೆತಿದ್ದೆ. ಲಾಗಿನ್, ಮೆನು, ಕಡತ ಹುಡುಕುವುದು ಎಲ್ಲ ಸೇರಿಸಿದರೆ 40 ಹಿಂಪಡೆಯಲು ಬಿಡುವುದು ಸರಿ, ಒಟ್ಟು 85. ಅಷ್ಟು ದೀರ್ಘ ಕರೆ ಸಂಜೆಯ ಹೊತ್ತಿಗೆ ಬಾರದಂತೆ ಬ್ಯಾಂಕಿನ ಮೆನು ಸಾಲನ್ನೇ ಸಮಯಕ್ಕೆ ಕಟ್ಟಬಹುದು. ಠೇವಣಿಗೆ ಒಂದು ಸಂರಚನೆ, ಹಿಂಪಡೆಯಲು ಇನ್ನೊಂದು ಸಂರಚನೆ ಮಾಡಿ, ಎರಡನೆಯದನ್ನು ರಾತ್ರಿ ಹನ್ನೊಂದರಿಂದ ಸಂಜೆ ಆರರವರೆಗೆ ಮಾತ್ರ ತೆರೆದಿಡಿ.

ಶಿಲ್ಕು ಕತ್ತರಿಸುವ ವಿಷಯದಲ್ಲಿ ಹಳೆಯ ಖಾತೆ ಮಿತಿಗಿಂತ ಮೇಲಿದ್ದರೆ ಅದು ಖರ್ಚಾಗಿ ಕೆಳಗಿಳಿಯುವವರೆಗೆ ಹೊಸ ಠೇವಣಿ ಬೇಡ ಎನ್ನಬೇಕು, ಇದ್ದದ್ದನ್ನು ಮುಟ್ಟಬಾರದು. ಒಂಟಿಲೈನು ಅವರೇ, ನಿಮ್ಮ ಡೋರ್ ಯಾವ ರೀತಿ ಮಾಡುತ್ತದೆ ಎಂದು ಪರೀಕ್ಷಾ ಖಾತೆಯಲ್ಲಿ ನೋಡಿಕೊಳ್ಳಿ.

ಇನ್ನೊಂದು. ನಿಮ್ಮ 45 ನಿಮಿಷ ದಿನಕ್ಕೋ, ಕರೆಗೋ? ಕೆಲವು ಬಿಬಿಎಸ್ ತಂತ್ರಾಂಶಗಳಲ್ಲಿ ಇದನ್ನು ಎರಡು ರೀತಿಯಲ್ಲೂ ಇಡಬಹುದು. ಕರೆಗೆ 45 ಎಂದಿದ್ದರೆ ಒಬ್ಬರು ಬೆಳಿಗ್ಗೆ ಐದು ಸಲ ಕರೆ ಮಾಡಿ, ಪ್ರತಿ ಸಲ 40 ಠೇವಣಿ ಇಟ್ಟು, ಫೋನ್ ಇಡುತ್ತಾರೆ. ಅದು ನಾಣ್ಯ ಟಂಕಿಸಿದ ಹಾಗೆ. ಸಮಯ ಬ್ಯಾಂಕ್ ಇರುವ ಕಡೆ ದಿನದ ಮಿತಿ ಕಡ್ಡಾಯ.

ಒಂಟಿಲೈನು:

ದಿನಕ್ಕೆ ಎಂದೇ ಇದೆ, ಈಗಷ್ಟೇ ನೋಡಿ ಖಚಿತಪಡಿಸಿಕೊಂಡೆ. ಮಿತಿಯನ್ನು ಇಳಿಸಿ ಪರೀಕ್ಷಿಸಿದೆ. ನಮ್ಮ ಡೋರ್ ಹಳೆಯ ಶಿಲ್ಕನ್ನು ಕತ್ತರಿಸುವುದಿಲ್ಲ, ಹೊಸ ಠೇವಣಿಯನ್ನಷ್ಟೇ ನಿರಾಕರಿಸುತ್ತದೆ. ಸಂಜೆ ಕರೆ ಅವರ ಅನುಭವ ಓದಿದ ಮೇಲೆ ಇದನ್ನು ನೋಡಿ ನೆಮ್ಮದಿಯಾಯಿತು.

ಎರಡನೇ ನೋಡ್:

ತಡವಾಗಿ ಓದುತ್ತಿದ್ದೇನೆ. ನನ್ನದು ಎರಡು ನೋಡ್‌ಗಳ ಬಿಬಿಎಸ್, ಅಂದರೆ ಒಂದೇ ಹೊತ್ತಿಗೆ ಎರಡು ಕಡೆಯಿಂದ ಒಳಬರಬಹುದು: ಒಂದು ಮೋಡೆಂ, ಇನ್ನೊಂದು ಟೆಲ್‌ನೆಟ್ ಮೂಲಕ. ನಿಮಗೆ ಈಗ ಇದು ಬೇಡ, ಆದರೆ ಮುಂದೆ ಎರಡನೇ ನೋಡ್ ಸೇರಿಸುವಾಗ ನೆನಪಿರಲಿ. ಒಂದೇ ಬಳಕೆದಾರ ಎರಡೂ ನೋಡ್‌ಗಳಲ್ಲಿ ಒಳಬಂದು, ಎರಡರಲ್ಲೂ ಬ್ಯಾಂಕ್ ತೆರೆದರೆ ಎರಡೂ ಪ್ರತಿಗಳು ಖಾತೆಯಲ್ಲಿ 100 ಎಂದು ಓದುತ್ತವೆ. ಎರಡರಲ್ಲೂ 40 ಹಿಂಪಡೆದರೆ ಕೊನೆಯಲ್ಲಿ ಬರೆದದ್ದೇ ಉಳಿಯುತ್ತದೆ. 80 ನಿಮಿಷ ಹೊರಗೆ, ಖಾತೆಯಲ್ಲಿ 60. ಡಾಸ್‌ನಲ್ಲಿ ಕಡತ ಬೀಗಕ್ಕೆ ಬೇಕಾದ ಶೇರ್ ಪ್ರೋಗ್ರಾಂ ಹಾಕಿರಬೇಕು, ಡೋರ್ ಕಡತ ಬೀಗವನ್ನು ನಿಜವಾಗಿ ಬಳಸಬೇಕು. ಇಲ್ಲದಿದ್ದರೆ ಬ್ಯಾಚ್ ಫೈಲಿನಲ್ಲಿ ಬೀಗದ ಕಡತವೊಂದನ್ನು ಸೃಷ್ಟಿಸಿ, ಅದು ಇದ್ದರೆ ಒಳಗೆ ಬಿಡಬೇಡಿ. ಎಲ್ಲಕ್ಕಿಂತ ಸುಲಭ ದಾರಿ, ಒಂದೇ ಹೆಸರು ಎರಡು ನೋಡ್‌ಗಳಲ್ಲಿ ಒಳಬರದಂತೆ ಬಿಬಿಎಸ್‌ನಲ್ಲೇ ತಡೆಯುವುದು.

ನೀವು 486 ಇಟ್ಟುಕೊಂಡಿರುವುದು ಒಳ್ಳೆಯದಾಯಿತು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಹಳೆಯ ಡೋರ್‌ಗಳು ವೇಗದ ಯಂತ್ರಗಳಲ್ಲಿ ತೆರೆದ ಕೂಡಲೇ ರನ್‌ಟೈಮ್ ಎರರ್ 200 ಎಂದು ನಿಂತುಬಿಡುತ್ತವೆ. ಆರಂಭದಲ್ಲಿ ಯಂತ್ರದ ವೇಗ ಅಳೆಯುವ ಭಾಗಾಕಾರದ ಫಲ ತನ್ನ ಜಾಗಕ್ಕೆ ಹಿಡಿಸದಷ್ಟು ದೊಡ್ಡದಾಗುವುದೇ ಕಾರಣ. ನಾನು ಒಂದು ವಾರ ಸಂರಚನೆಯಲ್ಲೇ ತಪ್ಪು ಹುಡುಕಿದ್ದೆ.

ನಾಲ್ಕನೇ ಇಂಟರಪ್ಟ್:

ಮೆನುವಿಗೆ ಹಾಕುವ ಮೊದಲು ಮೂರು ಪರೀಕ್ಷೆಗಳನ್ನು ದಯವಿಟ್ಟು ಮಾಡಿ. ಸಾಮಾನ್ಯ ಬಳಕೆಯಲ್ಲಿ ಈ ಮೂರೂ ಕಾಣಿಸುವುದಿಲ್ಲ.

ಮೊದಲನೆಯದು ಕ್ಯಾರಿಯರ್, ಅಂದರೆ ಮೋಡೆಂಗಳ ನಡುವೆ ಸಂಪರ್ಕ ಇದೆ ಎಂದು ತಿಳಿಸುವ ಸಂಕೇತ. ಠೇವಣಿ ಎಷ್ಟು ಎಂದು ಕೇಳುವ ಹೊತ್ತಿಗೆ ಕರೆ ಮಾಡಿದ ಯಂತ್ರದ ಫೋನ್ ತಂತಿ ಎಳೆಯಿರಿ. ಡೋರ್ ಕೂಡಲೇ ತಿಳಿದು ಹೊರಬರಬೇಕು. ಬರದೆ ನಿಂತರೆ ಮೋಡೆಂನ ಆರಂಭಿಕ ಆದೇಶದಲ್ಲಿ &ಸಿ1 ಮತ್ತು &ಡಿ2 ಇವೆಯೇ ನೋಡಿ. &ಸಿ0 ಇದ್ದರೆ ಕರೆದಾರ ಹೋದ ಮೇಲೂ ಕ್ಯಾರಿಯರ್ ಇದೆ ಎಂದೇ ಮೋಡೆಂ ಹೇಳುತ್ತಿರುತ್ತದೆ. ಡೋರ್ ಉತ್ತರಕ್ಕಾಗಿ ಕಾಯುತ್ತಾ ಕೂರುತ್ತದೆ, ಲೈನು ಸತ್ತಂತೆ.

ಅದೇ ಪರೀಕ್ಷೆಯಲ್ಲಿ ಬರೆಯುವ ಕ್ರಮವನ್ನೂ ಗಮನಿಸಿ. ಠೇವಣಿಯಲ್ಲಿ ಮೊದಲು ಕರೆಯ ಸಮಯ ಕಡಿಮೆಯಾಗಿ, ನಂತರ ಖಾತೆಗೆ ಸೇರಬೇಕು. ಹಿಂಪಡೆಯುವಾಗ ಮೊದಲು ಖಾತೆಯಿಂದ ಹೋಗಿ, ನಂತರ ಕರೆಗೆ ಸೇರಬೇಕು. ನಡುವೆ ತುಂಡಾದರೆ ಕರೆದಾರರಿಗೆ ನಷ್ಟ, ಲಾಗ್ ನೋಡಿ ನೀವು ಮರಳಿ ಕೊಡಬಹುದು. ಕ್ರಮ ಉಲ್ಟಾ ಆದರೆ ನಿಮಿಷ ಎರಡಾಗುತ್ತದೆ, ಆಗ ನಿಮಗೆ ಯಾರೂ ಬಂದು ದೂರು ಹೇಳುವುದಿಲ್ಲ.

ಎರಡನೆಯದು ಈವೆಂಟ್, ಅಂದರೆ ನಿಗದಿತ ಹೊತ್ತಿಗೆ ಬಿಬಿಎಸ್ ತಾನೇ ನಡೆಸುವ ಕೆಲಸ. ರಾತ್ರಿ ಮೂರಕ್ಕೆ ಫಿಡೊನೆಟ್ (ಬಿಬಿಎಸ್‌ಗಳ ನಡುವಿನ ಸಂದೇಶ ಜಾಲ) ಅಂಚೆಯೋ ಕಡತ ನಿರ್ವಹಣೆಯೋ ಇದ್ದರೆ, 2.40ಕ್ಕೆ ಒಳಬಂದವರಿಗೆ ಬಿಬಿಎಸ್ 45ರ ಬದಲು 20 ನಿಮಿಷ ಮಾತ್ರ ಕೊಡುತ್ತದೆ. ಅವರು ಬ್ಯಾಂಕ್‌ಗೆ ಹೋಗಿ 40 ಹಿಂಪಡೆದರೆ? ಒಳ್ಳೆಯ ಡೋರ್ ಈವೆಂಟ್ ಗಡಿಯನ್ನು ನೋಡುತ್ತದೆ. ಡೋರ್.ಸಿಸ್ ಎಂಬ ಇನ್ನೊಂದು ಬಗೆಯ ಡ್ರಾಪ್ ಫೈಲಿನಲ್ಲಿ ಇದಕ್ಕೆಂದೇ 37ನೇ ಸಾಲು ಇದೆ. ಅದನ್ನು ನೋಡದ ಡೋರ್ ಅಂಚೆಯ ಹೊತ್ತಿನಲ್ಲಿ ಕರೆದಾರರನ್ನು ಲೈನಿನಲ್ಲೇ ಕೂರಿಸಿಬಿಡುತ್ತದೆ.

ಮೂರನೆಯದು ಮಧ್ಯರಾತ್ರಿ. ಪಿಸಿಯ ಬಯಾಸ್ ಸೆಕೆಂಡಿಗೆ ಸುಮಾರು 18.2 ಸಲ ಎಣಿಸುತ್ತಾ ಹೋಗಿ ಮಧ್ಯರಾತ್ರಿ ಸೊನ್ನೆಗೆ ಮರಳುತ್ತದೆ. 23.58ಕ್ಕೆ ಒಳಹೋಗಿ 00.02ಕ್ಕೆ ಹೊರಬಂದರೆ ಕೆಲವು ಡೋರ್‌ಗಳ ಲೆಕ್ಕದಲ್ಲಿ ಬಳಸಿದ ಸಮಯ ಋಣಸಂಖ್ಯೆಯಾಗುತ್ತದೆ. ಉಳಿದ ಸಮಯಕ್ಕೆ 1,440 ನಿಮಿಷ ಪುಕ್ಕಟೆ ಸೇರುತ್ತದೆ. ಗಡಿಯಾರವನ್ನು 23.58ಕ್ಕೆ ಇಟ್ಟು ನೋಡಿ.

ಒಂಟಿಲೈನು:

ಮೂರನ್ನೂ ಮಾಡಿದೆ. ಒಂದು ರಾತ್ರಿ ಪೂರ್ತಿ ಹೋಯಿತು, ಆದರೆ ಹೋದದ್ದು ಸಾರ್ಥಕ.

ಕ್ಯಾರಿಯರ್ ಪರೀಕ್ಷೆಯಲ್ಲಿ ಹತ್ತು ಸಲ ತಂತಿ ಎಳೆದೆ, ಬೇರೆ ಬೇರೆ ಹಂತದಲ್ಲಿ. ಡೋರ್ ಪ್ರತಿ ಸಲವೂ ಹೊರಬಂತು. ಒಂದು ಸಲ ಮಾತ್ರ ಹಿಂಪಡೆದ 10 ನಿಮಿಷ ಖಾತೆಯಿಂದ ಹೋಗಿ ಕರೆಗೆ ಸೇರಲಿಲ್ಲ. ನೀವು ಹೇಳಿದ ಸುರಕ್ಷಿತ ಕ್ರಮವೇ ಇದೆ ಎಂದಾಯಿತು. ಲಾಗ್‌ನಲ್ಲಿ ಆ ಸಾಲು ಸ್ಪಷ್ಟವಾಗಿತ್ತು.

ಈವೆಂಟ್ ಪರೀಕ್ಷೆಯಲ್ಲಿ ಡೋರ್ ಸೋತಿತು. 20 ನಿಮಿಷ ಇರುವಾಗ 40 ಹಿಂಪಡೆಯಲು ಬಿಟ್ಟಿತು. ಆದ್ದರಿಂದ ಹಿಂಪಡೆಯುವ ಮೆನು ಸಾಲನ್ನು ರಾತ್ರಿ ಒಂದರಿಂದ ಈವೆಂಟ್ ಮುಗಿಯುವವರೆಗೆ ಮುಚ್ಚಿದ್ದೇನೆ. ಒಂದಕ್ಕೆ ಏಕೆಂದರೆ, 45ರ ಜೊತೆಗೆ 40 ಸೇರಿ 85 ನಿಮಿಷ ಕುಳಿತವರೂ ಮೂರರ ಒಳಗೆ ಮುಗಿಸಿರುತ್ತಾರೆ.

ಮಧ್ಯರಾತ್ರಿಯ ಪರೀಕ್ಷೆ ನನ್ನನ್ನು ಬೆಚ್ಚಿಬೀಳಿಸಿತು. 00.01ಕ್ಕೆ ಡೋರ್‌ನ ಪರದೆಯ ಮೇಲೆ ಉಳಿದ ಸಮಯ 1,480 ಎಂದು ಬಂತು. ಅದನ್ನೆಲ್ಲ ಠೇವಣಿ ಇಡಲು ನೋಡಿದೆ. 20ಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಹಳೆಯ ಸಿಸಾಪ್ ಅವರು ಹೇಳಿದ ಮಿತಿಗಳನ್ನು ಆ ವೇಳೆಗೆ ಹಾಕಿದ್ದೆ, ಅದರಿಂದ ಬಚಾವಾದೆ. ಮಿತಿಯಿಲ್ಲದ ಮೊದಲಿನ ಸಂರಚನೆಯಲ್ಲಿ ಒಂದೇ ರಾತ್ರಿಯಲ್ಲಿ ಒಬ್ಬರ ಖಾತೆಗೆ ಇಡೀ ದಿನದ ಲೈನು ಸೇರುತ್ತಿತ್ತು. ಈಗ 23.45ರಿಂದ 00.15ರವರೆಗೆ ಎರಡೂ ಸಾಲುಗಳನ್ನು ಮುಚ್ಚಿದ್ದೇನೆ.

ಹಳೆಯ ಸಿಸಾಪ್:

ಮುಚ್ಚುವುದಕ್ಕೆ ಮುಂಚೆ, ಅಂದರೆ 23.44ಕ್ಕೆ, ಒಳಹೋದವರು ಡೋರ್‌ನಲ್ಲೇ ಕುಳಿತು ಮಧ್ಯರಾತ್ರಿ ದಾಟಬಹುದು. ಡೋರ್ ಒಳಗೆ ಕೀಲಿ ಒತ್ತದೆ ಇರುವವರನ್ನು ಹೊರಹಾಕುವ ಕಾಲಮಿತಿ ಇದ್ದರೆ ಮೂರು ನಿಮಿಷಕ್ಕೆ ಇಡಿ.

ಒಂಟಿಲೈನು:

ಇದೆ, ಇಟ್ಟೆ. ಸುಮ್ಮನೆ ಕುಳಿತು ಕಾಯುವವರಿಗೆ ಅದು ಸಾಕಾಗುತ್ತದೆ. ಬೇಕೆಂದೇ ಕೀಲಿ ಒತ್ತುತ್ತಾ ಹದಿನೈದು ನಿಮಿಷ ಕೂರುವವರಿದ್ದರೆ ಅವರಿಗೂ ಸಿಗುವುದು ಆ 20 ನಿಮಿಷ ಮಾತ್ರ. ಸದ್ಯಕ್ಕೆ ಅದನ್ನು ಒಪ್ಪಿಕೊಂಡಿದ್ದೇನೆ.

ಈಗಿನ ಸ್ಥಿತಿ: ದಿನಕ್ಕೆ ಠೇವಣಿ 20, ಹಿಂಪಡೆಯುವುದು 40, ಒಟ್ಟು ಶಿಲ್ಕು 150, ಬಡ್ಡಿ ಇಲ್ಲ, ಸಾಲ ಇಲ್ಲ. ಠೇವಣಿ ಇಟ್ಟ ಮೇಲೂ ಕರೆಯಲ್ಲಿ 5 ನಿಮಿಷ ಉಳಿಯಲೇಬೇಕು, ಇಲ್ಲದಿದ್ದರೆ ಡೋರ್‌ನಿಂದ ಹೊರಬಂದ ಕೂಡಲೇ ಬಿಬಿಎಸ್ ಅವರನ್ನು ಹೊರಹಾಕುತ್ತದೆ, ಸಂದೇಶಕ್ಕೆ ಉತ್ತರ ಬರೆಯಲೂ ಆಗುವುದಿಲ್ಲ. ಡೋರ್ ತೆರೆಯುವ ಮೊದಲು ಒಂದು ಪರದೆ ತೋರಿಸುತ್ತೇನೆ. ಈ ಅಂಕಿಗಳು, ಬ್ಯಾಂಕ್ ಮುಚ್ಚಿರುವ ಹೊತ್ತುಗಳು, ಮಿತಿ ಬದಲಾದರೆ ಎರಡು ವಾರ ಮುಂಚೆ ತಿಳಿಸುತ್ತೇನೆ ಎಂಬ ಮಾತು, ಇವು ಅದರಲ್ಲಿವೆ. ಸಂಜೆ ಕರೆ ಅವರೇ, ಆ ಕೊನೆಯ ಸಾಲು ನಿಮ್ಮಿಂದ ಬಂದದ್ದು.

ಸಂಜೆ ಕರೆ:

ಓದಿ ಸಂತೋಷವಾಯಿತು. ಒಂದು ಕೋರಿಕೆ ಇದೆ. ತಂತಿ ಕಡಿದು ನಿಮಿಷ ಕಳೆದುಕೊಂಡವರು ನಿಮಗೆ ಹೇಳಲು ಒಂದು ದಾರಿ ಇರಲಿ. ಆ ಪರದೆಯಲ್ಲೇ ‘ನಿಮಿಷ ಕಳೆದುಹೋದರೆ ಸಿಸಾಪ್‌ಗೆ ಸಂದೇಶ ಬಿಡಿ, ಲಾಗ್ ನೋಡಿ ಮರಳಿ ಕೊಡುತ್ತೇನೆ’ ಎಂದು ಸೇರಿಸಿ. ಬಹಳ ಜನ ಸಂಕೋಚದಿಂದ ಕೇಳುವುದೇ ಇಲ್ಲ.

ಒಂಟಿಲೈನು:

ಸೇರಿಸಿದೆ. ಇವತ್ತು ರಾತ್ರಿಯಿಂದ ಡೋರ್ ಮೆನುವಿನಲ್ಲಿ ಇರುತ್ತದೆ.